37 ಪೀಸಿನ ಡಬ್ಬ

ಸೈಕಲ್ಲಿನ ಸೀಟು ಅರ್ಧ ಇಂಚು ಕೆಳಗಿಳಿದಿತ್ತು. ಆಗಿದ್ದು ಅಷ್ಟೇ. ಒಂದು ಬೋಲ್ಟ್ ಬಿಗಿ ಮಾಡಿದ್ದರೆ ಮುಗಿದುಹೋಗುತ್ತಿದ್ದ ಕೆಲಸಕ್ಕೆ ನಾನು ಒಂದು ವಾರ ಕೂತು, ಯಾವ ಸೈಕಲ್ ಟೂಲ್ ಕಿಟ್ಟಿನಲ್ಲಿ ಏನಿದೆ ಏನಿಲ್ಲ ಅಂತ ಹೋಲಿಸಿ, ರಾತ್ರಿ ನಿದ್ದೆಗೆಟ್ಟು, ಕೊನೆಗೆ 37 ಪೀಸಿನ ಒಂದು ಡಬ್ಬ ತರಿಸಿದೆ. ಸೂಟ್‌ಕೇಸಿನ ಹಾಗೆ ಒಂದು ಹಿಡಿ, ಎರಡು ಕ್ಲಿಪ್ಪು. ತೆರೆದರೆ ಪ್ರತಿಯೊಂದಕ್ಕೂ ಅದರದೇ ಆಕಾರದ ಒಂದು ಗುಳಿ, ಅದರೊಳಗೆ ಕೂಸನ್ನು ಮಲಗಿಸಿದ ಹಾಗೆ ಒಂದೊಂದು ಉಪಕರಣ. ಅಕ್ಕ ಡಬ್ಬ ಎತ್ತಿ ನೋಡಿ, "ಲೋ, ಸೈಕಲ್ಲಿಗಿಂತ ಇದೇ ಭಾರ ಇದೆಯಲ್ಲೋ" ಅಂದಳು.

ಡಬ್ಬ ಅಗ್ಗ. ನಾನು ಬಿದ್ದಿದ್ದೇ ಅಲ್ಲಿ. ಇಡೀ ಬೆಲೆಯನ್ನು 37ರಿಂದ ಭಾಗಿಸಿದರೆ ಒಂದೊಂದಕ್ಕೆ ಚಿಲ್ಲರೆ ಕಾಸು ಬೀಳುತ್ತದೆ, ಬಿಟ್ಟರೆ ದಡ್ಡ ಅನ್ನಿಸುತ್ತದೆ. ಆದರೆ ಆ 37ರಲ್ಲಿ 6 ಪಂಕ್ಚರ್ ಪ್ಯಾಚುಗಳು. ಟ್ಯೂಬ್ ಉಜ್ಜುವ ಉಪ್ಪುಕಾಗದದ ಚೂರು, ಅದೂ ಒಂದು ಪೀಸು. ಆರು ಮೂಲೆಯ ಅಲೆನ್ ಕೀಗಳನ್ನು ಸಿಕ್ಕಿಸಿಡುವ ಪ್ಲಾಸ್ಟಿಕ್ ತುಂಡನ್ನೂ ಎಣಿಸಿದ್ದಾರೆ. ಡಬ್ಬವನ್ನೂ ಎಣಿಸಿದ್ದಾರೆ ಅಂತ ನನ್ನ ಗುಮಾನಿ, ಯಾಕೆಂದರೆ ನಾನು ಎಷ್ಟು ಸಲ ಎಣಿಸಿದರೂ 36 ಬರುತ್ತಿತ್ತು.

ಉಳಿದವುಗಳಲ್ಲಿ ಅರ್ಧದಷ್ಟು ನನ್ನ ಸೈಕಲ್ಲಿಗೆ ಕೂರುವಂಥವೇ ಅಲ್ಲ. ಚೈನಿನ ತುಂಡು ಅಂಟಿಸಿದ ಒಂದು ಕಬ್ಬಿಣದ ಪಟ್ಟಿ ಇತ್ತು, ನೋಡಿದರೆ ಹಳೆಯ ಕಾಲದ ಜೈಲರ್ ನೆನಪಾಗುತ್ತಾನೆ. ಅದು ಹಿಂದಿನ ಗೇರಿನ ಹಲ್ಲುಚಕ್ರ ತಿರುಗದ ಹಾಗೆ ಹಿಡಿದುಕೊಂಡು ಕ್ಯಾಸೆಟ್, ಅಂದರೆ ಆ ಹಲ್ಲುಚಕ್ರಗಳ ಗೊಂಚಲು, ಬಿಚ್ಚುವುದಕ್ಕೆ. ನನ್ನ ಸೈಕಲ್ಲಿನಲ್ಲಿ ಇರುವುದು ಕ್ಯಾಸೆಟ್ ಅಲ್ಲ, ಫ್ರೀವೀಲು. ಅದು ಇಡಿಯಾಗಿ ಚಕ್ರದ ನಡುವಿನ ಹಬ್ಬಿಗೆ ತಿರುಚಿ ಕೂರುವಂಥದ್ದು, ಬಿಚ್ಚುವ ಟೂಲೇ ಬೇರೆ, ಈ ಪಟ್ಟಿಯ ಹಂಗೇ ಅದಕ್ಕಿಲ್ಲ. ಪೆಡಲ್ ನಡುವಿನ ಬಾಟಮ್ ಬ್ರಾಕೆಟ್ ತೆಗೆಯುವ 20 ಹಲ್ಲಿನ ಒಂದು ದಪ್ಪ ಉಂಗುರವೂ ಇತ್ತು. ನನ್ನದಕ್ಕೆ ಅದೂ ಆಗುವುದಿಲ್ಲ. ಆದರೂ ವಾರಕ್ಕೊಮ್ಮೆ ತೆಗೆದು ಒರೆಸಿ ಇಡುತ್ತಿದ್ದೆ, ಪಾಪ, ಹೊಳೆಯುತ್ತಿತ್ತು.

ಮೊದಲು ಮಾಡಬೇಕಿದ್ದ ಕೆಲಸವನ್ನು ನಾನು ಕೊನೆಗೆ ಮಾಡಿದೆ. ಒಂದು ಚೀಟಿ, ಒಂದು ಪೆನ್ನು ಹಿಡಿದು ಸೈಕಲ್ಲಿಗೆ ಪ್ರದಕ್ಷಿಣೆ ಹಾಕಿದೆ. ಸೀಟಿನ ಬೋಲ್ಟು: 5 ಮಿಲಿಮೀಟರ್ ಅಲೆನ್. ಹ್ಯಾಂಡಲ್: 5. ಬ್ರೇಕ್ ವೈರನ್ನು ಕಚ್ಚಿಕೊಂಡಿರುವ ಬೋಲ್ಟು: 5. ಬ್ರೇಕ್ ರಬ್ಬರಿಗೆ ಮತ್ತೆ 5. ನೀರಿನ ಬಾಟಲಿಯ ಸ್ಟ್ಯಾಂಡಿಗೆ ಮಾತ್ರ 4. ಹ್ಯಾಂಡಲ್ಲಿನ ನೆತ್ತಿಯಲ್ಲಿ ಒಂದು 6. ಪೆಡಲ್ಲಿಗೆ, ಹಿಂದಿನ ಚಕ್ರದ ನಟ್ಟಿಗೆ 15ರ ಸ್ಪ್ಯಾನರ್. ಗೇರ್ ಹೊಂದಿಸುವ ಪುಟ್ಟ ಸ್ಕ್ರೂಗಳಿಗೆ ಒಂದು ಸ್ಕ್ರೂಡ್ರೈವರ್. ಚೀಟಿಯಲ್ಲಿ ಇನ್ನೂ ಜಾಗ ಇತ್ತು, ಸೈಕಲ್ಲಿನಲ್ಲಿ ಇರಲಿಲ್ಲ. ನಿಮ್ಮದು ಡಿಸ್ಕ್ ಬ್ರೇಕ್ ಆಗಿದ್ದರೆ ನಕ್ಷತ್ರದ ಬಾಯಿಯ ಟಿ25 ಸಹ ಬೇಕಾಗಬಹುದು. ಹಳೆಯ ಕಾಲದ ಕಬ್ಬಿಣದ ಸೈಕಲ್ಲಾದರೆ ಅಲೆನ್ ಕೀಗೆ ಕೆಲಸವೇ ಇರುವುದಿಲ್ಲ, ಎಲ್ಲ ಬರೀ ನಟ್ಟು.

ಅಲೆನ್ ಕೀ ಅಂದೆನಲ್ಲ. 1910ರಲ್ಲಿ ಅಮೆರಿಕದ ವಿಲಿಯಂ ಅಲೆನ್ ಅನ್ನುವವನು ತಲೆಯೊಳಗೆ ಆರು ಮೂಲೆಯ ಕುಳಿ ಇರುವ ಸ್ಕ್ರೂ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಮೆಕ್ಯಾನಿಕ್ಕುಗಳ ಬಾಯಲ್ಲಿ ಅವನು ಈಗ ಎಲ್.ಎನ್. ಕೀ. ನಾನೂ ಎಷ್ಟೋ ವರ್ಷ, ಕೀ ಎಲ್ ಆಕಾರದಲ್ಲಿ ಇರುವುದಕ್ಕೆ ಎಲ್ ಅಂತಾರೆ, ಸರಿ, ಈ ಎನ್ ಯಾಕೆ ಅಂತ ತಲೆ ಕೆರೆದುಕೊಂಡಿದ್ದೇನೆ.

ದುಡ್ಡು ಹಾಕುವುದಾದರೆ ಈ ಕೀಗಳ ಮೇಲೆ ಹಾಕಿ. ಉಳಿದದ್ದರಲ್ಲಿ ಎಷ್ಟು ಬೇಕಾದರೂ ಜಿಪುಣತನ ಮಾಡಿ, ಇಲ್ಲಿ ಬೇಡ. ನನ್ನ ಡಬ್ಬದ ಕೀಗಳು ಮೆತ್ತಗಿನ ಲೋಹದವು. ಮೂರು ತಿಂಗಳಲ್ಲಿ 5ರ ಕೀಯ ಮೂಲೆಗಳು ಸವೆದು ತಿರುಗಿಸಿದರೆ ಸ್ಲಿಪ್ ಆಗತೊಡಗಿತು. ಕೀ ಹಾಳಾದರೆ ಇನ್ನೊಂದು ತರಬಹುದು, ಆದರೆ ಸವೆದ ಕೀ ಸುಮ್ನೆ ಇರುವುದಿಲ್ಲ, ಬೋಲ್ಟಿನ ಮೂಲೆಗಳನ್ನೂ ತಿಂದು ಕುಳಿಯನ್ನು ಗುಂಡಗೆ ಮಾಡಿಬಿಡುತ್ತದೆ. ಆಮೇಲೆ ಆ ಬೋಲ್ಟನ್ನು ಡ್ರಿಲ್ ಹಾಕಿ ತೆಗೆಯಬೇಕು. ಕ್ರೋಮ್ ವೆನೇಡಿಯಂ (ಗಟ್ಟಿ ಜಾತಿಯ ಉಕ್ಕು) ಅಂತ ಅಚ್ಚು ಹಾಕಿರುವ ಕೀ ಸಾಮಾನ್ಯವಾಗಿ ಒಳ್ಳೆಯದು, ಆದರೆ ಅಚ್ಚು ಯಾರು ಬೇಕಾದರೂ ಹಾಕಬಹುದು ಅಲ್ವಾ. ಬೋಲ್ಟಿನೊಳಗೆ ಇಟ್ಟು ಅಲ್ಲಾಡಿಸಿ ನೋಡುವುದೇ ಸರಿಯಾದ ಪರೀಕ್ಷೆ. ಲೊಡಲೊಡ ಅಂದರೆ ವಾಪಸ್ ಕೊಟ್ಟುಬಿಡಿ. ಒಂದು ತುದಿಯಲ್ಲಿ ಗುಂಡು ಇರುವ ಕೀ ಬರುತ್ತದೆ, ಇಕ್ಕಟ್ಟಿನಲ್ಲಿ ಓರೆಯಾಗಿ ಹಾಕಿ ತಿರುಗಿಸಲು ಬಹಳ ಚೆನ್ನ. ಆ ತುದಿಯಿಂದ ಕೊನೆಯ ಬಿಗಿ ಮಾತ್ರ ಕೊಡಬೇಡಿ, ಕತ್ತು ಮುರಿಯುತ್ತದೆ. ಅದರದು.

ಬಿಗಿ ಅಂದಾಗ ನೆನಪಾಯಿತು. ಹ್ಯಾಂಡಲ್ ಹಿಡಿದಿರುವ ಸ್ಟೆಮ್ಮಿನ ಮೇಲೆ ಸಣ್ಣ ಅಕ್ಷರದಲ್ಲಿ 5 ಎನ್ಎಂ (ನ್ಯೂಟನ್ ಮೀಟರ್, ಬಿಗಿಯ ಅಳತೆ) ಅಂತಲೋ ಇನ್ನೆಷ್ಟೋ ಬರೆದಿರುತ್ತದೆ. ಅದಕ್ಕಿಂತ ಜಾಸ್ತಿ ಬಿಗಿ ಮಾಡಬೇಡಪ್ಪಾ ಅಂತ. ಕಾರ್ಬನ್ ಸೈಕಲ್ಲಿದ್ದವರು ಆ ಬಿಗಿಯನ್ನು ಅಳೆದು ಕೊಡುವ ಟಾರ್ಕ್ ರೆಂಚ್ ಕೊಳ್ಳಲೇಬೇಕು, ಅವರಿಗೆ ಈ ಅಗ್ಗದ ಮಾತುಕತೆಯೂ ಬೇಕಿಲ್ಲ.

ಪೆಡಲ್ ಕಥೆ ಹೇಳದಿದ್ದರೆ ಇದು ಪೂರ್ತಿ ಆಗುವುದಿಲ್ಲ. ಬಲಗಡೆಯದು ಸಲೀಸಾಗಿ ಬಂತು. ಎಡಗಡೆಯದಕ್ಕೆ 15ರ ಸ್ಪ್ಯಾನರ್ ಹಾಕಿ ಅದೇ ರೀತಿ ತಿರುಗಿಸಿದೆ, ಅಲ್ಲಾಡಲಿಲ್ಲ. ತುಕ್ಕು ಹಿಡಿದಿದೆ ಅಂತ ಎಣ್ಣೆ ಬಿಟ್ಟೆ, ಕಾದೆ, ಸ್ಪ್ಯಾನರ್ ಮೇಲೆ ನಿಂತೆ, ನನ್ನ ಭಾರವೆಲ್ಲ ಹಾಕಿದೆ. ಕಿರ್ರ್ ಅಂತ ಸದ್ದು ಬಂದಾಗ ಗೆದ್ದೆ ಅಂದುಕೊಂಡೆ. ಗೆದ್ದಿರಲಿಲ್ಲ, ಇನ್ನಷ್ಟು ಬಿಗಿ ಮಾಡಿದ್ದೆ. ಎಡ ಪೆಡಲ್ಲಿಗೆ ಉಲ್ಟಾ ಥ್ರೆಡ್ ಇರುತ್ತದೆ, ತುಳಿಯುತ್ತಾ ತುಳಿಯುತ್ತಾ ತಾನಾಗಿಯೇ ಬಿಚ್ಚಿಕೊಳ್ಳದಿರಲಿ ಅಂತ. ಎಡ ಬಲ ಗೊಂದಲವೇ ಬೇಡ ಅಂದರೆ ಒಂದು ಉಪಾಯ ಇದೆ. ಸ್ಪ್ಯಾನರ್ ಹಿಡಿ ಮೇಲ್ಮುಖವಾಗಿ ನಿಂತಿರಲಿ, ಅದನ್ನು ಹಿಂದಿನ ಚಕ್ರದ ಕಡೆ ತಳ್ಳಿ. ಎರಡೂ ಪೆಡಲ್ ಹಾಗೆಯೇ ಬಿಚ್ಚುತ್ತವೆ. ಹಾಕುವಾಗ ಥ್ರೆಡ್ಡಿಗೆ ಒಂಚೂರು ಗ್ರೀಸು ಸವರಿ, ಮುಂದಿನ ಸಲ ಸ್ಪ್ಯಾನರ್ ಮೇಲೆ ನಿಲ್ಲಬೇಕಾಗುವುದಿಲ್ಲ.

ಇನ್ನು ಚೈನು. ಸವೆದಿದೆಯೋ ಇಲ್ಲವೋ ನೋಡುವುದಕ್ಕೆ ಅಂತಲೇ ಒಂದು ಗೇಜು ಮಾರುತ್ತಾರೆ. ಮಕ್ಕಳ ಕಂಪಾಸ್ ಬಾಕ್ಸಿನ ಪಕ್ಕ ಬಿದ್ದಿರುವ ಒಂದಡಿ ಸ್ಕೇಲು ಸಾಕು. ಚೈನಿನ ಒಂದು ಪಿನ್ನಿಂದ ಪಕ್ಕದ ಪಿನ್ನಿಗೆ ಸರಿಯಾಗಿ ಅರ್ಧ ಇಂಚು. ಹಾಗಾಗಿ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಇಟ್ಟರೆ 12 ಇಂಚಿನ ಗೆರೆ ಇನ್ನೊಂದು ಪಿನ್ನಿನ ನಡುವಿಗೇ ಬರಬೇಕು. ಪಿನ್ನು ಇಂಚಿನ ಹದಿನಾರರಲ್ಲಿ ಒಂದು ಪಾಲು ಆಚೆ ಹೋಗಿದ್ದರೆ ಹೊಸ ಚೈನಿನ ಯೋಚನೆ ಮಾಡಿ. ಎಂಟರಲ್ಲಿ ಒಂದು ಪಾಲು ಹೋಗಿದ್ದರೆ ತಡವಾಗಿದೆ, ಅದು ಅಷ್ಟರಲ್ಲಿ ಹಲ್ಲುಚಕ್ರವನ್ನೂ ಸವೆಸಿರುತ್ತದೆ. ಸ್ಕೇಲಿನ ತುದಿ ಮಕ್ಕಳು ಕಚ್ಚಿರದಂತೆ ನೋಡಿಕೊಳ್ಳಿ. ಚೈನ್ ಬಿಚ್ಚಲು ಪಿನ್ ತಳ್ಳುವ ಪುಟ್ಟ ಟೂಲ್ ಒಂದು ಇರಲಿ, ಸುತ್ತಿಗೆ ಮೊಳೆ ಹಿಡಿದು ಆ ಸಾಹಸ ಬೇಡ.

ಪಂಕ್ಚರಿಗೆ ಪ್ಲಾಸ್ಟಿಕ್ ಲಿವರ್ ಎರಡು, ಪ್ಯಾಚು, ಅಂಟು. ಸ್ಕ್ರೂಡ್ರೈವರ್ ತೂರಿಸಿ ಟೈರ್ ಎಬ್ಬಿಸಿದರೆ ಒಂದು ತೂತು ಮುಚ್ಚಲು ಹೋಗಿ ಎರಡಾಗುತ್ತದೆ. ಅಂಟು ಹಚ್ಚಿದ ಮೇಲೆ ಐದು ನಿಮಿಷ ಒಣಗಲು ಬಿಟ್ಟು ಪ್ಯಾಚ್ ಹಾಕಿ. ಆ ಐದು ನಿಮಿಷ ಕಾಯಲಾರದೆ ನಾನು ಹಾಳುಮಾಡಿದ ಪ್ಯಾಚುಗಳು ನಾಲ್ಕು. ಒಮ್ಮೆ ತೆರೆದ ಅಂಟಿನ ಟ್ಯೂಬು ಮುಂದಿನ ಪಂಕ್ಚರ್ ಹೊತ್ತಿಗೆ ಕಲ್ಲಾಗಿರುತ್ತದೆ, ಇದಕ್ಕೆ ನನ್ನ ಹತ್ತಿರ ಪರಿಹಾರ ಇಲ್ಲ. ಪಂಪು ಮಾತ್ರ ನೆಲಕ್ಕೆ ಊರಿ ಒತ್ತುವಂಥದ್ದು, ಗೇಜು ಇರುವಂಥದ್ದು ತೆಗೆದುಕೊಳ್ಳಿ. ಎಷ್ಟು ಗಾಳಿ ಅಂತ ಟೈರಿನ ಪಕ್ಕದಲ್ಲೇ ಬರೆದಿರುತ್ತದೆ.

ಕಡ್ಡಿ ಬಿಗಿ ಮಾಡುವ ಸ್ಪೋಕ್ ಕೀ ಬಗ್ಗೆ ಎಚ್ಚರ. ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಅಪಾಯ. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ ತಿರುಗಿಸಬೇಕು ಅಂತ ಗೊತ್ತಿರದೆ ಚಕ್ರದ ಸಣ್ಣ ಬೆಂಡ್ ತೆಗೆಯಲು ಕೂತವನು ಸಂಜೆ ಹೊತ್ತಿಗೆ ಅದನ್ನು ಹಪ್ಪಳ ಮಾಡಿಟ್ಟಿದ್ದೆ. ಬ್ರೇಕ್ ವೈರ್ ಕತ್ತರಿಸಲು ಮನೆಯ ಇಕ್ಕಳವೂ ಸಾಲದು, ತುದಿ ಪೊರಕೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಒಳ್ಳೆಯ ಕಟ್ಟರ್ ದುಬಾರಿ. ವೈರ್ ಬದಲಿಸುವುದು ಅಪರೂಪ, ಆ ಕೆಲಸ ನಾನು ಅಂಗಡಿಯವರಿಗೇ ಬಿಟ್ಟಿದ್ದೇನೆ.

ಹೊಸದಾಗಿ ಬಿಡಿಯಾಗಿ ಕೊಂಡ ನನ್ನ ಏಳೆಂಟು ಟೂಲುಗಳು ಈಗ ಒಂದು ಹಳೆಯ ಪೆನ್ಸಿಲ್ ಪೌಚಿನಲ್ಲಿವೆ. ದೊಡ್ಡ ಡಬ್ಬವನ್ನು ರಿಪೇರಿ ಮಾಡುವಾಗ ಕೂರಲು ಬಳಸುತ್ತೇನೆ. ಮೊನ್ನೆ ಸೀಟು ಮತ್ತೆ ಇಳಿದಿತ್ತು. ಪೌಚ್ ತೆರೆದರೆ 5ರ ಕೀ ಇಲ್ಲ. ಅಕ್ಕನಿಗೆ ಫೋನ್ ಮಾಡಿದೆ.

"ಹ್ಞೂಂ ಕಣೋ, ನಾನೇ ತಂದೆ. ಕುರ್ಚಿ ಅಲ್ಲಾಡ್ತಿತ್ತು, ಸರಿಯಾಗಿ ಕೂತ್ಕೊಳ್ತು ನೋಡು. ಇನ್ನೂ ಮೂರು ಕುರ್ಚಿ ಇದೆ, ಆಮೇಲೆ ಕೊಡ್ತೀನಿ. ನಿನ್ನ ಹತ್ರ ಆ ದೊಡ್ಡ ಡಬ್ಬ ಇದೆಯಲ್ಲ?"