ಎಣ್ಣೆ ತೇಲದಿದ್ದರೆ ಕೋಳಿ ಸಾರಲ್ವಾ?

ನಮ್ಮ ಕಲಬುರಗಿ ಕಡೆ ಕೋಳಿ ಸಾರಿನ ಮೇಲೆ ಕೆಂಪಗೆ ಎಣ್ಣೆ ತೇಲಬೇಕು. ಇಲ್ಲದಿದ್ದರೆ ಬಂದ ಬೀಗರು ಬಾಯಿ ಬಿಟ್ಟು ಏನೂ ಅನ್ನಲ್ಲ, ಬಟ್ಟಲು ಓರೆ ಮಾಡಿ ನೋಡ್ತಾರೆ. 'ಭಾಳ ಕೈ ಹಿಡಿದು ಮಾಡ್ಯಾರ' ಅಂತ ಅದರರ್ಥ. ಎಣ್ಣೆಯಲ್ಲಿ ಮರ್ಯಾದೆ ಅಳೆಯೋ ಈ ಲೆಕ್ಕ ಬಿಡೋಣ ಅಂತೀನಿ ನಾನು.

ಹಾಗಂತ ಜಿಮ್ ಹುಡುಗರ ದಾರಿಯೂ ನನಗೆ ಒಗ್ಗಲ್ಲ. ಚಿಕನ್ ಬ್ರೆಸ್ಟ್ ಕುದಿಸಿ, ಪಕ್ಕಕ್ಕೆ ಬ್ರೊಕೊಲಿ ಇಟ್ಟು ಫೋಟೊ ಹಾಕ್ತಾರೆ. ಬೆಂದ ಬ್ರೆಸ್ಟ್ 100 ಗ್ರಾಂ ತಿಂದರೆ ಸುಮಾರು 30 ಗ್ರಾಂ ಪ್ರೋಟೀನ್ ಸಿಗುತ್ತೆ, ಸುಳ್ಳಲ್ಲ. ಆದರೆ ಆ ಸಪ್ಪೆ ಊಟ ಎಷ್ಟು ದಿನ ನಡೆದೀತು? ಆಮೇಲೆ ಅದೇ ಹುಡುಗರು ಮಸಾಲೆ ಅನ್ನದ ತಹರಿ ಅಂಗಡಿ ಮುಂದೆ ಸಿಗ್ತಾರೆ.

ನಮ್ಮನೇಲಿ ಮಾಡೋದು ಪುಂಡಿ (ಗೊಂಗುರ) ಸೊಪ್ಪಿನ ಚಿಕನ್. ಅರ್ಧ ಕೆಜಿ ಕೋಳಿ, ಅಂಗಡಿಯಲ್ಲೇ ಚರ್ಮ ತೆಗೆಸಿ ತರ್ತೀವಿ, ಕೊಬ್ಬು ಜಾಸ್ತಿ ಇರೋದು ಅಲ್ಲೇ. ಮೊಸರು, ಅರಿಶಿನ, ಬೆಳ್ಳುಳ್ಳಿ ಹಚ್ಚಿ ಫ್ರಿಜ್‌ನಲ್ಲಿ ಒಂದು ತಾಸು ಇಡಿ. ಎಳ್ಳು, ಧನಿಯಾ, ಚೂರು ಒಣ ಕೊಬ್ಬರಿ ಎಣ್ಣೆ ಹಾಕದೆ ಹುರಿದು ಪುಡಿ ಮಾಡಿ. ಈರುಳ್ಳಿಗೆ ಮಾತ್ರ ಎರಡು ಚಮಚ ಎಣ್ಣೆ. ತಳ ಹಿಡಿದಾಗ ನಮ್ಮ ಕೈ ತಾನಾಗೇ ಎಣ್ಣೆ ಡಬ್ಬಕ್ಕೆ ಹೋಗುತ್ತೆ ನೋಡಿ, ಅಲ್ಲಿ ತಡೀಬೇಕು. ಒಂದು ಸೌಟು ಬಿಸಿನೀರು ಚಿಮುಕಿಸಿ, ಕೆದಕಿ. ಈರುಳ್ಳಿ ನಿಧಾನಕ್ಕೆ ಕೆಂಪಗಾಗುತ್ತೆ. ಆಮೇಲೆ ಕೋಳಿ, ಖಾರ, ಮಸಾಲೆ ಹಾಕಿ ಮುಚ್ಚಿ ಬೇಯಿಸಿ. ಪುಂಡಿ ಕೊನೆಗೆ. ಅದರ ಹುಳಿ ಇದ್ದರೆ ಟೊಮ್ಯಾಟೊ ಬೇಡ, ಉಪ್ಪೂ ಕಡಿಮೆ ಸಾಕು.

'ನಮ್ಮದು ಕುಸುಬಿ ಎಣ್ಣೆ ರೀ, ಏನೂ ಆಗಲ್ಲ' ಅನ್ನೋರು ಇಲ್ಲಿ ಬಹಳ. ಕುಸುಬಿ ಎಣ್ಣೆ ಒಳ್ಳೇದೇ. ಆದರೆ ಯಾವ ಎಣ್ಣೆಯಾದರೂ ಒಂದು ದೊಡ್ಡ ಚಮಚಕ್ಕೆ ಹತ್ತಿರ ಹತ್ತಿರ 120 ಕ್ಯಾಲೊರಿ. ಗಾಣದ್ದು ಅಂತ ಕಡಿಮೆ ಆಗಲ್ಲ.

ಜೊತೆಗೆ ಜೋಳದ ರೊಟ್ಟಿ, ಹಸಿ ಮೆಂತ್ಯ ಸೊಪ್ಪು, ಈರುಳ್ಳಿ. ಬಡಿದ ರೊಟ್ಟಿಗೆ ಬಿಸಿನೀರು, ಹಿಟ್ಟು ಬಿಟ್ಟು ಇನ್ನೇನು ಬೇಕು? ಪರೋಟದ ಜೊತೆ ತಿಂದರೆ ಇಷ್ಟು ಹೊತ್ತು ಉಳಿಸಿದ ಎಣ್ಣೆಯೆಲ್ಲ ಆ ಕಡೆಯಿಂದ ಬಂತು.

ಇನ್ನೊಂದು ಮಾತು, ಜಗಳಕ್ಕೆ ಬರಬೇಡಿ. ಹಸಿ ಕೋಳಿಯನ್ನ ನಲ್ಲಿ ಕೆಳಗೆ ಜೋರಾಗಿ ತೊಳೆದರೆ ಬ್ಯಾಕ್ಟೀರಿಯಾ ಸಾಯಲ್ಲ, ಸಿಂಕು, ಪಾತ್ರೆ ಎಲ್ಲ ಕಡೆ ಸಿಡಿಯುತ್ತೆ. ಅದು ಸಾಯೋದು ಬೆಂದಾಗಲೇ. ನಮ್ಮ ಅತ್ತೆಗೆ ಇದನ್ನ ಇನ್ನೂ ಒಪ್ಪಿಸೋಕಾಗಿಲ್ಲ, ಅರಿಶಿನ ಹಚ್ಚಿ ಮೂರು ನೀರಲ್ಲಿ ತೊಳೆದೇ ಒಳಗೆ ಕೊಡ್ತಾರೆ. ಕಟ್ಟೆ ಒರೆಸೋ ಕೆಲಸ ನನ್ನದು.

ಜವಾರಿ (ನಾಟಿ) ಕೋಳಿ ಆದರೆ ಬೇಗ ಬೇಯಲ್ಲ, ಕುಕ್ಕರ್‌ಗೆ ಹಾಕಿ. ಪುಂಡಿ ಮಾತ್ರ ಸೀಟಿ ಇಳಿದ ಮೇಲೆ ಹಾಕಿ, ಐದು ನಿಮಿಷ ಕುದಿಸಿ.