ಈಜಿಗಿಂತ ಸೈಕಲ್ ಇಳಿದ ಮೇಲಿನ ಓಟ ಕಷ್ಟ

ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮುಗಿಸುವ ಹಾಫ್ ಟ್ರಯಥ್ಲಾನ್ ಸ್ಪರ್ಧೆಗೆ ಮೊದಲ ಸಲ ತಯಾರಾಗುವ ಬಗ್ಗೆ ನಿಮ್ಮ ಲೇಖನ ಚೆನ್ನಾಗಿದೆ. ಆದರೆ ಈಜಿನ ಭಯವನ್ನೇ ಜಾಸ್ತಿ ಬರೆದಿದ್ದೀರಿ. ಗೋವಾದಲ್ಲಿ ಈ ಸ್ಪರ್ಧೆ ಮುಗಿಸಿ ಬಂದವಳಾಗಿ ಹೇಳುತ್ತೇನೆ, 1.9 ಕಿ.ಮೀ. ಈಜು ಹೇಗೋ ದಾಟಿಬಿಡುತ್ತದೆ. 90 ಕಿ.ಮೀ. ಸೈಕಲ್ ತುಳಿದು ಇಳಿದಾಗ ಇದೆ ನೋಡಿ ನಿಜವಾದ ಪರೀಕ್ಷೆ. ತೊಡೆ ಬಿಗಿದಿರುತ್ತದೆ, ಹೆಜ್ಜೆ ಉದ್ದಕ್ಕೆ ಬೀಳುವುದೇ ಇಲ್ಲ. ಇನ್ನೂ 21.1 ಕಿ.ಮೀ. ಓಟ ಬಾಕಿ!

ಇದನ್ನು ಅಭ್ಯಾಸದಲ್ಲೇ ದೇಹಕ್ಕೆ ಕಲಿಸಬೇಕು. ಧಾರವಾಡದವರು ಬೆಳಗ್ಗೆ ಹಳಿಯಾಳ ರಸ್ತೆಯಲ್ಲಿ ಸೈಕಲ್ ಹೊಡೆದು ಬನ್ನಿ. ಬಂದ ಕೂಡಲೇ ಚಹಾಕ್ಕೆ ಕೂರಬೇಡಿ. ಶೂ ಬದಲಿಸಿ, ಕರ್ನಾಟಕ ವಿಶ್ವವಿದ್ಯಾಲಯದ ಏರು ರಸ್ತೆಗಳಲ್ಲಿ ಇಪ್ಪತ್ತು ನಿಮಿಷ ಓಡಿ. ವಾರಕ್ಕೊಮ್ಮೆ ಸಾಕು. ಮೊದಮೊದಲು ಕಾಲು ಮಾತು ಕೇಳುವುದಿಲ್ಲ, ಆಮೇಲೆ ಹತ್ತು ನಿಮಿಷಕ್ಕೆಲ್ಲ ಸಡಿಲಾಗುತ್ತದೆ.

ತಿನ್ನುವುದನ್ನೂ ಸೈಕಲ್ ಮೇಲೇ ರೂಢಿ ಮಾಡಿಕೊಳ್ಳಿ. ಗಂಟೆಗೆ ಸುಮಾರು 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು, ಅಂದರೆ ಎರಡು ದೊಡ್ಡ ಬಾಳೆಹಣ್ಣು. ಶೇಂಗಾ ಉಂಡೆ ಮಾತ್ರ ಬೇಡ. ಅದರಲ್ಲಿ ಕೊಬ್ಬು ಜಾಸ್ತಿ, ನಿಧಾನ ಕರಗುತ್ತದೆ, ಓಡುವಾಗ ಹೊಟ್ಟೆ ಭಾರ.

ಇನ್ನೊಂದು, ನಮ್ಮ ಕಡೆಯ ತಂಪು ಬೆಳಗಿನಲ್ಲಿ ಮಾತ್ರ ಓಡಿದವರಿಗೆ ಗೋವಾದ ಸೆಕೆ ತಡೆದುಕೊಳ್ಳಲು ಆಗುವುದಿಲ್ಲ. ಕೆಲವು ಸಲವಾದರೂ ಬಿಸಿಲೇರಿದ ಮೇಲೆ ಓಡಿ ನೋಡಿ, ಉಪ್ಪು ಬೆರೆಸಿದ ನೀರು ಜೊತೆಗಿರಲಿ.