ಸಿಸಿಲಿಯ ಬೆಲ್ಲ ತುಪ್ಪ

ನಲ್ಲಿ ಮೇಲೆ ಸಿ ಅಂತ ಬರೆದಿತ್ತು. ಸಿ ಅಂದ್ರೆ ಕೋಲ್ಡು, ಅದು ನಮ್ಮೂರಲ್ಲಿ ಗೀಝರ್ ಬಂದ ದಿನದಿಂದ ಮಕ್ಕಳಿಗೂ ಗೊತ್ತು, ಹಂಗಾಗಿ ಬಿಸಿಲಲ್ಲಿ ಬೆಂದು ಬಂದಿದ್ದ ನಾನು ಅದನ್ನ ಪೂರ್ತಿ ತಿರುಗಿಸಿ ಕೆಳಗೆ ತಲೆ ಕೊಟ್ಟೆ. ಆಮೇಲೆ ಒಂದು ಕೂಗು ಕೇಳಿಸ್ತು, ಅದು ನಂದೇ ಅಂತ ಹೆಂಡ್ತಿ ಬಂದು ಬಾಗಿಲು ಬಡಿದಾಗ್ಲೇ ಗೊತ್ತಾಗಿದ್ದು. ಇಟಲಿಯಲ್ಲಿ ಸಿ ಅಂದ್ರೆ ಕಾಲ್ದೊ. ಕೇಳಕ್ಕೆ ಕೋಲ್ಡ್ ಥರಾನೇ ಇದೆ, ಅರ್ಥ ಮಾತ್ರ ಬಿಸಿ. ತಣ್ಣೀರಿಗೆ ಎಫ್, ಫ್ರೆದ್ದೊ ಅಂತೆ. ಹೊರಗಡೆಯಿಂದ ಅಮ್ಮ ಕೂತಲ್ಲೇ ಹೇಳಿದ್ರು, "ಬಿಸಿ ಅನ್ನೋದ್ರಲ್ಲೂ ಸಿ ಇದೆಯಲ್ಲೋ, ಅಷ್ಟೂ ಹೊಳೀಲಿಲ್ವಾ ನಿಂಗೆ?"

ಆ್ಯಪ್‌ನಲ್ಲಿ ಎರಡು ತಿಂಗಳು ಇಟಾಲಿಯನ್ ಕಲಿತೋನು ನಾನು. ಅದರಲ್ಲಿ "ಹುಡುಗ ಸೇಬು ತಿಂತಾನೆ" ಅಂತ ಹೇಳೋದು ಅಚ್ಚುಕಟ್ಟಾಗಿ ಕಲಿಸಿದ್ರು, ನಲ್ಲಿ ವಿಷಯ ಬರಲೇ ಇಲ್ಲ.

ನಾವಿರೋದು ಮ್ಯೂನಿಕ್‌ನಲ್ಲಿ. ಅಮ್ಮ ಅರಸೀಕೆರೆಯಿಂದ ಮೂರು ತಿಂಗಳ ವೀಸಾದಲ್ಲಿ ಬಂದಿದ್ರು, ಬಂದು ಒಂದು ತಿಂಗಳು ಕಿಟಕಿ ಪಕ್ಕ ಕೂತು "ಇಲ್ಲಿ ಜನ ಇದಾರಾ ಇಲ್ವಾ" ಅಂತ ಕೇಳಿ ಕೇಳಿ ಸಾಕಾಗಿ, ಸಮುದ್ರ ತೋರ್ಸೋಣ ಅಂತ ಸೆಪ್ಟೆಂಬರ್ ಕೊನೇ ವಾರ ಸಿಸಿಲಿಗೆ ಹೊರಟ್ವಿ. ಆಗಸ್ಟ್‌ನಲ್ಲಿ ಆ ಕಡೆ ತಲೆ ಹಾಕಬಾರದು, ಇಟಲಿಗೆ ಇಟಲಿಯೇ ರಜೆ ಹಾಕಿ ಬೀಚಲ್ಲಿ ಬಿದ್ದಿರುತ್ತೆ. ಸೆಪ್ಟೆಂಬರ್ ಕೊನೆಗೆ ಊರು ನಿಟ್ಟುಸಿರು ಬಿಟ್ಟಿರುತ್ತೆ, ನೀರು ಮಾತ್ರ ಇನ್ನೂ ಬೆಚ್ಚಗೆ. ಪಲೆರ್ಮೊಗೆ ಎರಡು ಗಂಟೆ ವಿಮಾನ, ಅಲ್ಲಿಂದ ಮೆಸ್ಸೀನಾ ಕಡೆ ಹೋಗೋ ಲೋಕಲ್ ರೈಲಲ್ಲಿ ಹೆಚ್ಚೂಕಮ್ಮಿ ಒಂದು ಗಂಟೆ, ಎಡಗಡೆ ಕೂತ್ರೆ ದಾರಿಯುದ್ದಕ್ಕೂ ಸಮುದ್ರ. ನಾವು ಬಲಗಡೆ ಕೂತಿದ್ವಿ. ಊರ ಹೆಸರು ಚೆಫಾಲೂ. ಗ್ರೀಕ್‌ನಲ್ಲಿ ತಲೆಗೆ ಕೆಫಲೆ ಅಂತಾರಂತೆ, ಊರ ಹಿಂದೆ ಬೋಳುತಲೆ ಥರ 270 ಮೀಟರ್ ಎತ್ತರದ ಬಂಡೆ ನಿಂತಿರೋದಕ್ಕೆ ಆ ಹೆಸರು. ನಂಗಂತೂ ಕಪಾಲ ಅಂತಾನೇ ಕೇಳಿಸ್ತು, ಭಾಷಾಪಂಡಿತರು ಕ್ಷಮಿಸಿ.

ರೂಮಿನ ಯಜಮಾನ್ರು ನಾಲ್ಕೂವರೆಗೆ ಬನ್ನಿ ಅಂತ ಮೆಸೇಜ್ ಹಾಕಿದ್ರು. ಬೇಗ ಹೋದ್ರೆ ಬೇಡ ಅಂತಾರಾ ಅಂತ ನಾನು ಎಲ್ಲರನ್ನೂ ಎಬ್ಬಿಸಿಕೊಂಡು ಒಂದೂವರೆಗೇ ಇಳಿಸಿದೆ. ಇಳಿದು ನೋಡಿದ್ರೆ ಊರೇ ಮಲಗಿದೆ. ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಅಂಗಡಿಗಳೆಲ್ಲ ಬಾಗಿಲು ಎಳ್ಕೊಂಡು ಊಟ ನಿದ್ದೆ, ರಿಪೋಸೊ ಅಂತಾರೆ ಅದಕ್ಕೆ. ದಾರಿಯುದ್ದಕ್ಕೂ ಬಾಗಿಲುಗಳ ಮೇಲೆ ಒಂದೇ ಬೋರ್ಡು. ಅಮ್ಮ ಕನ್ನಡಕ ಮೇಲೆ ಕೆಳಗೆ ಮಾಡಿ ಓದಿದ್ರು, "ಚಿಯುಸೊ, ಚಿಯುಸೊ... ಈ ಚಿಯುಸೊ ಅನ್ನೋನು ಭಾರಿ ಕುಳ ಕಣೋ, ಇಡೀ ಬೀದಿ ಅವಂದೇ." ಕಿಯೂಸೊ ಅಂತ ಓದ್ಬೇಕಮ್ಮ, ಮುಚ್ಚಿದೆ ಅಂತ ಅರ್ಥ ಅಂದೆ. "ಅರಸೀಕೆರೇಲೂ ಮಧ್ಯಾಹ್ನ ಮಲಗ್ತಾರೆ, ಆದ್ರೆ ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ಮಲಗ್ತಾರೆ" ಅಂದ್ರು.

ಹಂಗಾಗಿ ಮೂರು ಸೂಟ್‌ಕೇಸ್ ಮೇಲೆ ಮೂರು ಜನ, ಚರ್ಚ್ ಮುಂದಿನ ಚೌಕದಲ್ಲಿ ಮೂರು ಗಂಟೆ. ನಿಜ ಹೇಳ್ಬೇಕಂದ್ರೆ ಅದೇನೂ ಶಿಕ್ಷೆ ಆಗಿರಲಿಲ್ಲ. ಎದುರಿಗೆ ಎರಡು ಗೋಪುರದ ಜೇನುಬಣ್ಣದ ಕ್ಯಾಥೆಡ್ರಲ್, ಹಿಂದೆ ಆ ಬಂಡೆ, ಈಚಲ ಜಾತಿಯ ಮರಗಳು, ಒಂದು ಬೆಕ್ಕು. ಎರಡನೇ ರೋಜರ್ ಅಂತ ನಾರ್ಮನ್ ರಾಜ ಬಿರುಗಾಳಿಗೆ ಸಿಕ್ಕಿದಾಗ ಬದುಕಿ ದಡ ಸೇರಿದ್ರೆ ಗುಡಿ ಕಟ್ಟಿಸ್ತೀನಿ ಅಂತ ಹರಕೆ ಹೊತ್ತಿದ್ನಂತೆ, 1131ರಲ್ಲಿ ಶುರು ಮಾಡ್ಸಿದ್ದು ಇದು. ಹರಕೆ ಅಂದ ಕೂಡ್ಲೇ ಅಮ್ಮನಿಗೆ ಅವನು ನೆಂಟನಾದ. "ನಮ್ಮ ಬೇಲೂರು ಯಾವಾಗ ಕಟ್ಟಿದ್ದು?" ಅಂದ್ರು. 1117 ಅಂದೆ. "ನಮ್ಮದಾದ್ಮೇಲೆ ಹದಿನಾಲ್ಕು ವರ್ಷಕ್ಕೆ. ಸುದ್ದಿ ಬಂದಿರ್ಬೇಕು ಇಲ್ಲಿಗೆ" ಅಂತ ತೀರ್ಮಾನ ಆಯ್ತು. ವಿಷ್ಣುವರ್ಧನನ ಸುದ್ದಿ ಸಿಸಿಲಿಗೆ ಬಂದಿತ್ತೋ ಇಲ್ವೋ, ಬಿಸಿಲಲ್ಲಿ ಸೂಟ್‌ಕೇಸ್ ಮೇಲೆ ಕೂತು ವಾದ ಮಾಡೋ ಶಕ್ತಿ ನನಗಿರಲಿಲ್ಲ. ಬಾಗಿಲು ತೆಗೆದ್ಮೇಲೆ ಒಳಗೆ ಹೋಗಕ್ಕೆ ನನ್ನ ಚಡ್ಡಿ ಅಡ್ಡ ಬಂತು, ಇಟಲಿ ಚರ್ಚ್‌ಗಳಲ್ಲಿ ಮೊಣಕಾಲು ಭುಜ ಮುಚ್ಚಿರ್ಬೇಕು, ಕೊನೆಗೆ ಅಮ್ಮನ ಶಾಲನ್ನೇ ಪಂಚೆ ಥರ ಸುತ್ಕೊಂಡು ಹೋದೆ. ಮೇಲೆ ಕಮಾನಿನ ತುಂಬಾ ಚಿನ್ನದ ಮೊಸಾಯಿಕ್‌ನಲ್ಲಿ ದೊಡ್ಡ ಕ್ರಿಸ್ತ, ಒಂದು ಕೈಯಲ್ಲಿ ತೆರೆದ ಪುಸ್ತಕ, ಒಂದು ಪುಟ ಗ್ರೀಕು ಇನ್ನೊಂದು ಲ್ಯಾಟಿನ್ನು. ಸೀದಾ ನನ್ನ ಶಾಲನ್ನೇ ನೋಡ್ತಿದ್ದಂಗಿತ್ತು.

ನಲ್ಲಿ ಪ್ರಕರಣ ಅವತ್ತು ಸಂಜೇದು. ಮಾರನೇ ದಿನ ಬೆಳಿಗ್ಗೆ ತಿಂಡಿಗೆ ಹೋದ್ವಿ. ಸಿಸಿಲಿಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಐಸ್ ತಿಂತಾರೆ ಅಂದ್ರೆ ಅಮ್ಮ ನಂಬಲಿಲ್ಲ. ಗ್ರನೀತಾ ಅಂತ, ನಿಂಬೆಹಣ್ಣಿಂದೋ ಬಾದಾಮಿದೋ ಕಾಫೀದೋ ಮಾಡಿದ ಪುಡಿಪುಡಿ ಐಸು, ಜೊತೆಗೆ ಮೆತ್ತಗಿನ ಬನ್ನು, ಬನ್ನನ್ನ ಮುರಿದು ಐಸಿಗೆ ಅದ್ದಿ ತಿನ್ನೋದು. ಕೌಂಟರ್‌ನಲ್ಲಿ ಇದ್ದೋರು ಕೇಳಿದ್ರು, "ಬ್ರಿಯೋಶ್ ಕೊಲ್ ತುಪ್ಪೊ?" ಅಮ್ಮ ಥಟ್ಟಂತ ತಿರುಗಿದ್ರು. "ತುಪ್ಪ ಅಂದ್ರಾ?" ಅಲ್ಲಮ್ಮ ಅನ್ನೋಷ್ಟ್ರಲ್ಲಿ ಅವರೇ ಮುಂದೆ ಹೋಗಿ "ಹೂಂ ತುಪ್ಪ ತುಪ್ಪ, ಜಾಸ್ತಿ ಹಾಕಿ" ಅಂತ ಕೈಯಲ್ಲಿ ಸುರಿಯೋ ಥರ ಮಾಡಿ ತೋರಿಸಿದ್ರು. ಆಯಪ್ಪ ಏನು ಅರ್ಥ ಮಾಡ್ಕೊಂಡ್ರೋ, ಎರಡೆರಡು ಬನ್ ಕೊಟ್ರು. ತುಪ್ಪೊ ಅಂದ್ರೆ ಅಲ್ಲಿ ತುರುಬು, ಬನ್ನಿನ ನೆತ್ತಿ ಮೇಲೆ ಒಂದು ಪುಟ್ಟ ಉಂಡೆ ಕೂತಿರುತ್ತೆ, ಅದನ್ನೇ ಮೊದಲು ಕಿತ್ತು ತಿನ್ನಬೇಕಂತೆ. ಅಮ್ಮ ಬನ್ನನ್ನ ತಿರುಗಿಸಿ ಮುರುಗಿಸಿ ಮೂಸಿ ನೋಡಿದ್ರು. "ಹೆಸರಲ್ಲಿ ಮಾತ್ರ ತುಪ್ಪ" ಅಂದ್ರು. ಬಾದಾಮಿ ಗ್ರನೀತಾ ಮಾತ್ರ ಪೂರ್ತಿ ಖಾಲಿ, ಹಲ್ಲು ಜುಮ್ಮಂದ್ರೂ ಬಿಡಲಿಲ್ಲ.

ಬೀಚು ಅಂದ್ರೆ ಊರ ಕಾಲ ಬುಡದಿಂದ ಶುರುವಾಗಿ ಒಂದೂವರೆ ಕಿಲೋಮೀಟರ್ ಅರ್ಧಚಂದ್ರ, ನುಣ್ಣನೆ ಮರಳು. ಇಟಲಿ ಬೀಚ್‌ಗಳಲ್ಲಿ ಒಂದು ಭಾಗ ಲಿಡೊ, ಅಂದ್ರೆ ಕೊಡೆ ಮತ್ತೆ ಮಲಗೋ ಕುರ್ಚಿ ಬಾಡಿಗೆಗೆ, ಮೊದಲನೇ ಸಾಲಿಗೆ ಜಾಸ್ತಿ ರೇಟು, ಹಿಂದೆ ಹೋದಂಗೆ ಕಮ್ಮಿ, ಥೇಟ್ ನಾಟಕದ ಟಿಕೆಟ್ಟಿಗೆ ಉಲ್ಟಾ... ಅಲ್ಲ ಉಲ್ಟಾ ಏನಿಲ್ಲ, ನಾಟಕದ್ದೂ ಹಂಗೇನೇ, ಸಿನಿಮಾ ಟಾಕೀಸಿಗೆ ಉಲ್ಟಾ. ಇನ್ನೊಂದು ಭಾಗ ಸ್ಪಿಯಾಜ್ಜಾ ಲಿಬೆರಾ, ಪುಕ್ಕಟೆ. ಸಮುದ್ರಕ್ಕೆ ಬಾಡಿಗೆ ಅನ್ನೋ ಮಾತನ್ನ ಅಮ್ಮ ಕಿವಿಗೇ ಹಾಕ್ಕೊಳ್ಳಲಿಲ್ಲ, ಸೀದಾ ಪುಕ್ಕಟೆ ಕಡೆ ನಡೆದು, ಬ್ಯಾಗಿಂದ ಹೂವಿನ ಬೆಡ್‌ಶೀಟ್ ತೆಗೆದು ಹಾಸಿ, ನಾಲ್ಕು ಮೂಲೆಗೂ ನಾಲ್ಕು ಚಪ್ಪಲಿ ಇಟ್ಟು, ಕರಿ ಛತ್ರಿ ಬಿಚ್ಚಿ ಕೂತ್ರು. ಡಬ್ಬಿಯಲ್ಲಿ ಅವಲಕ್ಕಿ, ಇನ್ನೊಂದು ಡಬ್ಬಿಯಲ್ಲಿ ಚಟ್ನಿಪುಡಿ. ಸುತ್ತಮುತ್ತ ಎಲ್ಲರೂ ಎಷ್ಟು ಕಮ್ಮಿ ಬಟ್ಟೇಲಿದ್ರೋ ಅಷ್ಟನ್ನೂ ಸೇರಿಸಿ ಅಮ್ಮ ಒಬ್ಬರೇ ಉಟ್ಟಿದ್ದಂಗಿತ್ತು.

ಪಕ್ಕದಲ್ಲಿ ಅವರದೇ ವಯಸ್ಸಿನ ಒಬ್ಬ ಅಜ್ಜಿ, ಬಿಕಿನಿಯಲ್ಲಿ, ಮೈಯೆಲ್ಲ ಒಣ ಖರ್ಜೂರದ ಬಣ್ಣ. ನಂಗೆ ಎದೆ ಡವಡವ, ಅಮ್ಮ ಏನಂತಾರೋ ಅಂತ. ಅಮ್ಮ ಸ್ವಲ್ಪ ಹೊತ್ತು ನೋಡಿ, "ಮಂಡಿನೋವಿಗೆ ಬಿಸಿಲು ಕಾಯಿಸ್ಕೊತಿದಾರೆ ಪಾಪ" ಅಂದ್ರು, ಮುಗೀತು. ಆ ಅಜ್ಜಿ ಎದ್ದು ಬಂದು ಸೀರೆ ಸೆರಗು ಹಿಡಿದು "ಬೆಲ್ಲಾ! ಬೆಲ್ಲಾ!" ಅಂದ್ರು. ಅಮ್ಮ ಗಾಬರಿಯಾಗಿ ನನ್ನ ಕಡೆ ತಿರುಗಿದ್ರು. "ಬೆಲ್ಲ ಕೇಳ್ತಿದಾರೆ ಕಣೋ, ಅವಲಕ್ಕಿ ನೋಡಿಬಿಟ್ಟಿರ್ಬೇಕು. ನಾನು ಬೆಲ್ಲ ತಂದಿಲ್ವಲ್ಲೋ!" ಬೆಲ್ಲಾ ಅಂದ್ರೆ ಚೆಂದ ಅಂತ, ಸೀರೆ ಚೆಂದ ಇದೆ ಅಂತಿದಾರೆ ಅಂತ ಹೆಂಡ್ತಿ ಬಿಡಿಸಿ ಹೇಳಿದ್ಲು. ಅಲ್ಲಿಂದ ಇಬ್ಬರಿಗೂ ಶುರುವಾಯ್ತು ನೋಡಿ, ಅಜ್ಜಿ ಇಟಾಲಿಯನ್, ಅಮ್ಮ ಅರಸೀಕೆರೆ ಕನ್ನಡ, ಒಬ್ಬರಿಗೂ ಇನ್ನೊಬ್ಬರ ಒಂದು ಪದ ಗೊತ್ತಿಲ್ಲ, ಆದ್ರೂ ಅರ್ಧ ಗಂಟೆ ಆದ್ಮೇಲೆ ಅಜ್ಜಿಗೆ ಮೂರು ಮಕ್ಕಳು, ಕಿರಿಯವನು ಉತ್ತರದ ಕಡೆ ಕೆಲಸಕ್ಕೆ ಹೋಗಿದಾನೆ, ಫೋನ್ ಮಾಡಲ್ಲ ಅನ್ನೋದೆಲ್ಲ ಅಮ್ಮ ನಮಗೆ ವರದಿ ಒಪ್ಪಿಸಿದ್ರು. ಎರಡು ತಿಂಗಳು ಆ್ಯಪ್ ಕಲಿತ ನಾನು ಪಕ್ಕದಲ್ಲಿ ಕೂತು ಅವಲಕ್ಕಿ ತಿಂದೆ. ಅಜ್ಜಿ ಚಟ್ನಿಪುಡಿಯನ್ನ ಬೆರಳಲ್ಲಿ ನೆಕ್ಕಿ ಸಮುದ್ರದ ಕಡೆ ನಡೆದು ಹೋದ್ರು, ಸ್ವಲ್ಪ ಜೋರಾಗೇ ನಡೆದ್ರು.

ಆಮೇಲೆ ಅಮ್ಮ ನೀರಲ್ಲಿ ಕಾಲು ಇಳಿಸಕ್ಕೆ ಹೊರಟ್ರು, ಗೋಕರ್ಣದಲ್ಲಿ ನಿಲ್ತಾರಲ್ಲ ಹಂಗೆ, ಸೀರೆ ಒಂದು ಕೈಯಲ್ಲಿ ಎತ್ತಿ ಹಿಡಿದು. ಚಪ್ಪಲಿ ದೂರ ಬಿಟ್ಟು ಬಾರೋ ಅಂದ್ರು. ನನ್ನ ಜ್ಞಾನ ಉಕ್ಕಿ ಬಂತು. ಅಮ್ಮಾ, ಇದು ಅರಬ್ಬೀ ಸಮುದ್ರ ಅಲ್ಲ, ಮೆಡಿಟರೇನಿಯನ್ನು, ಸುತ್ತಲೂ ಭೂಮಿ, ಹೊರಗಿನ ಸಾಗರದ ನೀರು ಬರಬೇಕಂದ್ರೆ ಜಿಬ್ರಾಲ್ಟರ್ ಹತ್ರ 14 ಕಿಲೋಮೀಟರ್ ಅಗಲದ ಒಂದು ಸಂದಿಯಿಂದ ಬರಬೇಕು, ಅದಕ್ಕೇ ಇಲ್ಲಿ ಉಬ್ಬರ ಅನ್ನೋದು ಗೇಣುದ್ದಾನೂ ಕಷ್ಟ, ಚಪ್ಪಲಿ ಎಲ್ಲಿಟ್ರೆ ಅಲ್ಲೇ ಇರುತ್ತೆ ಅಂತ ಭಾಷಣ ಮಾಡಿ ನೀರಿನ ಅಂಚಲ್ಲೇ ಬಿಟ್ಟೆ. ಉಬ್ಬರದ ಲೆಕ್ಕ ಸರಿಯಾಗೇ ಇತ್ತು. ದೂರದಲ್ಲಿ ಹೋದ ಒಂದು ಮೋಟಾರ್ ಬೋಟಿನ ಲೆಕ್ಕ ನಾನು ಇಟ್ಟಿರಲಿಲ್ಲ. ಅದು ಎಬ್ಬಿಸಿದ ಅಲೆ ಬಂತು, ಎಡಗಾಲಿನ ಚಪ್ಪಲಿ ತಗೊಂಡ್ತು, ಹೋಯ್ತು. ಅದು ಸ್ವಲ್ಪ ದೂರ ತೇಲ್ತಾ ನಮ್ಮನ್ನೇ ನೋಡ್ತಿತ್ತು, ನಾನು ಈಜಿ ಹಿಡೀತೀನಿ ಅಂತ ಹೊರಟವನು ಸೊಂಟದ ಮಟ್ಟಕ್ಕೆ ಬಂದಾಗ ನಂಗೆ ಈಜು ಬರಲ್ಲ ಅನ್ನೋದು ನೆನಪಾಗಿ ವಾಪಸ್ ಬಂದೆ. "ಸಂದಿ 14 ಕಿಲೋಮೀಟರ್ ಇದೆಯಲ್ಲ, ನಿನ್ನ ಚಪ್ಪಲಿ ಆರಾಮಾಗಿ ದಾಟುತ್ತೆ ಬಿಡು" ಅಂದ್ರು ಅಮ್ಮ.

ಟೈಮ್ ನೋಡಿದ್ರೆ ಒಂದೂಕಾಲು. ಎಲ್ಲಾ ಕಡೆ ಚಿಯುಸೊ. ಒಂಟಿ ಚಪ್ಪಲಿ ಹಾಕ್ಕೊಂಡು, ಬರಿಗಾಲು ಕಾದ ಕಲ್ಲಿನ ಮೇಲೆ ಬಿದ್ದಾಗೆಲ್ಲ ಚಂಗ್ ಅಂತ ಎಗರುತ್ತಾ, ನೆರಳಿಂದ ನೆರಳಿಗೆ ಕುಂಟಾಬಿಲ್ಲೆ ಆಡಿದಂಗೆ ರೂಮು ಸೇರಿದೆ. ಬಾಲ್ಕನಿಯಲ್ಲಿ ಬನಿಯನ್ ಹಾಕ್ಕೊಂಡು ನಿಂತಿದ್ದ ಒಬ್ಬ ತಾತ ಚಪ್ಪಾಳೆ ತಟ್ಟಿದ್ರು. ಸಂಜೆ ಅಂಗಡಿ ತೆಗೆದ್ಮೇಲೆ ಸಿಕ್ಕಿದ್ದು ಒಂದು ಸೈಜ್ ಚಿಕ್ಕದು, ಮೇಲೆ ಪ್ಲಾಸ್ಟಿಕ್ ನಿಂಬೆಹಣ್ಣು ಅಂಟಿಸಿರೋದು. ಬೇರೆ ಇರಲಿಲ್ಲ ರೀ, ಸೀಸನ್ ಮುಗಿದಿತ್ತು.

ರಾತ್ರಿ ಊಟಕ್ಕೆ ಇನ್ನೂ ಟೈಮಿತ್ತು (ಏಳೂವರೆಗೆ ಮುಂಚೆ ಯಾರೂ ಅಡುಗೆಮನೆ ತೆಗೆಯಲ್ಲ) ಅಂತ ಅರನ್ಚೀನಾ ತಿನ್ನಕ್ಕೆ ನಿಂತ್ವಿ, ಅಂದ್ರೆ ಅನ್ನದ ಉಂಡೆ ಒಳಗೆ ಏನಾದ್ರೂ ತುಂಬಿ ಎಣ್ಣೇಲಿ ಕರಿದಿದ್ದು. ಅಮ್ಮ, ಹೆಂಡ್ತಿ ಇಬ್ಬರೂ ಶುದ್ಧ ಸಸ್ಯಾಹಾರಿಗಳು. ಒಂದ್ರಲ್ಲಿ ಮಾಂಸ ಅಂತ ಬರೆದಿತ್ತು, ಇನ್ನೊಂದ್ರಲ್ಲಿ "ಅಲ್ ಬುರ್ರೊ". ಬುರ್ರೊ ಅಂದ್ರೆ ಬೆಣ್ಣೆ! ಆ್ಯಪ್‌ನಲ್ಲಿ ಬಂದಿದ್ದ ಪದ, ಕೊನೆಗೂ ಕೆಲಸಕ್ಕೆ ಬಂತು ಅಂತ ಎದೆ ಉಬ್ಬಿಸಿ ಮೂರು ಕೊಡಿ ಅಂದೆ. ಹೆಂಡ್ತಿ ಮುರಿದು ದೀಪದ ಕೆಳಗೆ ಹಿಡಿದಳು. "ರೀ, ಬೆಣ್ಣೆ ಯಾಕ್ರೀ ಪಿಂಕ್ ಇದೆ?" ಬೀಟ್‌ರೂಟ್ ಇರ್ಬೇಕು ಅಂದೆ. ಅವಳು ನನ್ನ ಮುಖ ನೋಡಿದ ರೀತಿಗೆ ನಾನೇ ಹೋಗಿ ಕೇಳ್ಕೊಂಡು ಬಂದೆ. ಅಲ್ ಬುರ್ರೊ ಅಂದ್ರೆ ಒಳಗೆ ಚೀಸು ಮತ್ತೆ ಹ್ಯಾಮ್, ಹಂದಿಮಾಂಸ. ಅದು ಅಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿರೋ ವಿಷಯ, ನಮ್ಮಲ್ಲಿ ಮಂಗಳೂರು ಬಜ್ಜಿಯಲ್ಲಿ ಮಂಗಳೂರು ಇರಲ್ಲ ಅಂತ ಗೊತ್ತಿದ್ದಂಗೆ. ಪುಣ್ಯಕ್ಕೆ ಯಾರೂ ಬಾಯಿಗಿಟ್ಟಿರಲಿಲ್ಲ.

ಅಲ್ಲಿಂದ ಕಾಪಾಡಿದ್ದು ಪನೆಲ್ಲೆ. ಕಡಲೆಹಿಟ್ಟನ್ನ ನೀರಲ್ಲಿ ಗೊಟಾಯಿಸಿ ಗಟ್ಟಿ ಮಾಡಿ, ತೆಳ್ಳಗೆ ತಟ್ಟಿ, ಕತ್ತರಿಸಿ ಕರೀತಾರೆ, ಎಳ್ಳು ಹಾಕಿದ ಬನ್ನಿಗೆ ತುಂಬಿ ನಿಂಬೆ ಹಿಂಡಿ ಕೊಡ್ತಾರೆ. ಅಮ್ಮ ಒಂದು ತುತ್ತಿಗೇ ಗುರುತು ಹಿಡಿದ್ರು, ಮೇಲೆ ಚಟ್ನಿಪುಡಿ ಉದುರಿಸಿಕೊಂಡು ಎರಡು ತಿಂದ್ರು. "ಕಡಲೆಹಿಟ್ಟಿದೆ, ಬೆಲ್ಲಾನೂ ಇದೆ ತುಪ್ಪಾನೂ ಇದೆ ಅಂತಾರೆ, ಒಂದು ಹೋಳಿಗೆ ಮಾಡ್ಕೊಂಡು ತಿನ್ನಕ್ಕೆ ಬರಲ್ಲ ಈ ಜನಕ್ಕೆ."

ಕೊನೇ ದಿನ ಮಂದ್ರಲಿಸ್ಕಾ ಮ್ಯೂಸಿಯಂಗೆ ಹೋದ್ವಿ. ಅಲ್ಲಿ ಆಂತೊನೆಲ್ಲೊ ದ ಮೆಸ್ಸೀನಾ ಅನ್ನೋ 15ನೇ ಶತಮಾನದ ಕಲಾವಿದ ಬರೆದ ಒಬ್ಬ ಗಂಡಸಿನ ಚಿತ್ರ ಇದೆ, ನೋಟ್‌ಬುಕ್ಕಿನಷ್ಟು ಚಿಕ್ಕದು, ಯಾರೋ ನಾವಿಕ ಅಂತಾರೆ. ಅವನ ನಗು ಹೇಗಿದೆ ಅಂದ್ರೆ, ನಾವು ಜಾರಿ ಬಿದ್ದು ಎದ್ದು ಯಾರೂ ನೋಡಲಿಲ್ಲ ಅಂದ್ಕೊಂಡಾಗ ಮೂಲೆಯಲ್ಲಿ ನಿಂತು ಎಲ್ಲಾ ನೋಡಿದ ಸೋದರಮಾವನ ನಗು. ಹಿಂದೆ ಯಾವುದೋ ಹುಡುಗಿ ಈ ನಗು ತಡಿಯಕ್ಕಾಗದೆ ಚಿತ್ರದ ಮುಖಕ್ಕೆ ಪರಚಿದ್ಲು ಅಂತ ಕತೆ ಹೇಳ್ತಾರೆ. ನಿಂಬೆಹಣ್ಣಿನ ಚಪ್ಪಲೀಲಿ ಅವನ ಎದುರು ನಿಂತಾಗ ಆ ಹುಡುಗೀದು ತಪ್ಪೇನಿಲ್ಲ ಅನ್ನಿಸ್ತು.

ರೈಲಿಗೆ ಇನ್ನೊಂದು ಗಂಟೆ ಇತ್ತು. ದಾರಿಯಲ್ಲಿ ಹಳೇ ಬಟ್ಟೆ ಒಗೆಯೋ ಜಾಗ ಸಿಕ್ತು, ಲವತೋಯೊ. ಬೀದಿಯಿಂದ ಕಲ್ಲಿನ ಮೆಟ್ಟಿಲು ಇಳಿದ್ರೆ ತಂಪು ಕತ್ತಲೆ, ಸಾಲಾಗಿ ಕಲ್ಲಿನ ತೊಟ್ಟಿಗಳು, ಗೋಡೆಯಲ್ಲಿ 22 ಬಾಯಿಗಳಿಂದ ನೀರು ಸುರೀತಿದೆ, ಅದ್ರಲ್ಲಿ 15 ಸಿಂಹದ ತಲೆಗಳು. ಚೆಫಲೀನೊ ಅನ್ನೋ ಹೊಳೆ ನೀರು, ಇದು ಬೆಳ್ಳಿಗಿಂತ ಶುದ್ಧ ಹಿಮಕ್ಕಿಂತ ತಣ್ಣಗೆ ಅಂತ ಅಲ್ಲೇ ಕೆತ್ತಿದಾರೆ. ಅಮ್ಮ ಬಗ್ಗಿ ಕೈ ಇಟ್ಟು, "ಇದು ಎಫ್ ನೀರು ಕಣೋ" ಅಂದ್ರು. ಆಮೇಲೆ ಕಲ್ಲಿನ ಇಳಿಜಾರು ಸವರಿ ನೋಡಿದ್ರು, ಇಲ್ಲಿ ಸೋಪು ಹಚ್ಚೋದು, ಇಲ್ಲಿ ಜಾಲಿಸೋದು, ಕಲ್ಲು ಸವೆದಿರೋದು ನೋಡು ಎಷ್ಟು ಜನ ಉಜ್ಜಿರ್ಬೇಕು ಅಂತ ವಿವರಿಸ್ತಾ ಇದ್ದೋರು, ನಾನು ಆ ಕಡೆ ತಿರುಗಿ ಈ ಕಡೆ ತಿರುಗೋಷ್ಟ್ರಲ್ಲಿ, ಬ್ಯಾಗಿಂದ ಬೀಚಿನ ಮರಳು ಮೆತ್ತಿದ್ದ ಬೆಡ್‌ಶೀಟ್ ತೆಗೆದು ತೊಟ್ಟಿಗೆ ಅದ್ದೇ ಬಿಟ್ಟಿದ್ರು. "ಅತ್ತೇ, ಇದು ನೋಡೋ ಜಾಗ, ಒಗೆಯೋ ಹಂಗಿಲ್ಲ" ಅಂತ ಹೆಂಡ್ತಿ ಓಡಿದ್ಲು. "ಒಗೀತಿಲ್ಲಮ್ಮ, ಬರೀ ಜಾಲಿಸ್ತಿದೀನಿ."

ಅಷ್ಟರಲ್ಲಿ ಮೆಟ್ಟಿಲಿಳಿದು ಒಂದು ಟೂರ್ ಗುಂಪು ಬಂತು, ಇಪ್ಪತ್ತು ಜನ, ಎಲ್ಲರ ಕೈಯಲ್ಲೂ ಫೋನು. ಸಿಂಹದ ಬಾಯಿಯ ನೀರು, ಹಳೇ ಕಲ್ಲು, ಸೆರಗು ಸಿಕ್ಕಿಸಿಕೊಂಡು ಬಟ್ಟೆ ಹಿಂಡ್ತಿರೋ ಹೆಂಗಸು. ಪ್ರವಾಸೋದ್ಯಮದೋರೇ ಇಟ್ಟಿರೋ ಪ್ರಾತ್ಯಕ್ಷಿಕೆ ಅಂದ್ಕೊಂಡ್ರೋ ಏನೋ, ಟಕಟಕ ಅಂತ ಹೊಡೆದ್ರು ಫೋಟೋ. ಒಬ್ಬರು ತೊಟ್ಟಿ ಅಂಚಲ್ಲಿ ಎರಡು ಯೂರೋ ನಾಣ್ಯಾನೂ ಇಟ್ಟು ಹೋದ್ರು.

ನಾನು ಒದ್ದೆ ಬೆಡ್‌ಶೀಟಿನ ಒಂದು ತುದಿ ಹಿಡಿದು ನಿಂತಿದ್ದೆ, ಅಮ್ಮ ಇನ್ನೊಂದು ತುದಿ ಹಿಡಿದು ತಿರುವುತ್ತಾ ಪಿಸುಗುಟ್ಟಿದ್ರು, "ಗಟ್ಟಿಯಾಗಿ ಹಿಡ್ಕೊಳೋ, ಫೋಟೋದಲ್ಲಿ ಹಿಂಡೋದಾದ್ರೂ ಸರಿಯಾಗಿ ಬರ್ಲಿ."